ಕ್ರೋನೋ ಟ್ರಿಗರ್ ಆಡಲು ಗೈಡ್ ಬೇಕೇ?

1995ರ ಕಾಲಯಾನದ ವಿಡಿಯೋ ಗೇಮ್ ಕ್ರೋನೋ ಟ್ರಿಗರ್ ಅನ್ನು ಮೊದಲ ಸಲ ಆಡುವಾಗ ಏನೂ ಕೈತಪ್ಪದಿರಲೆಂದು ಗೈಡ್ ಪಕ್ಕದಲ್ಲಿಟ್ಟುಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನು ಹಾಗೆಯೇ ಆಡಿ ಕೆಟ್ಟವನು.

ಇಂಜಿನಿಯರಿಂಗ್ ಓದುವಾಗ ದಸರಾ ರಜೆಗೆ ಗೆಳೆಯನ ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ತಂದಿದ್ದೆ. ಜೊತೆಗೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಗೈಡ್. ಆರಂಭದ ಜಾತ್ರೆಯಲ್ಲಿ ಮುದುಕನ ಬುತ್ತಿಯನ್ನು ಮುಟ್ಟಬಾರದು, ಪುಟ್ಟ ಹುಡುಗಿಗೆ ಬೆಕ್ಕನ್ನು ಹುಡುಕಿಕೊಡಬೇಕು, ಡಿಕ್ಕಿಯಾಗಿ ಬಿದ್ದ ಮಾರ್ಲ್ ಎಂಬ ಹುಡುಗಿಯನ್ನು ಮಾತನಾಡಿಸಿದ ಮೇಲೆಯೇ ಅವಳ ಪದಕವನ್ನು ಎತ್ತಿಕೊಳ್ಳಬೇಕು ಎಂದೆಲ್ಲ ಅದರಲ್ಲಿತ್ತು, ಹಾಗೆಯೇ ಮಾಡಿದೆ. ಮುಂದೆ ರಾಜಕುಮಾರಿಯನ್ನು ಅಪಹರಿಸಿದ ಆರೋಪ ಹೊತ್ತು ಕಥಾನಾಯಕ ಕ್ರೋನೋ ಕಟಕಟೆಯಲ್ಲಿ ನಿಂತಾಗ ಜಾತ್ರೆಯ ಆ ಚಿಲ್ಲರೆ ನಡತೆಗಳೇ ಸಾಕ್ಷಿಯಾಗಿ ಬರುತ್ತವೆ. ಏಳೂ ಜ್ಯೂರಿಗಳು ನಿರ್ದೋಷಿ ಎಂದರು, ನನಗೆ ಏನೂ ಅನ್ನಿಸಲಿಲ್ಲ. ಆಟಗಾರನ ಕಳ್ಳಬುದ್ಧಿಯನ್ನು ಬಯಲಿಗೆಳೆಯಲೆಂದೇ ಕಟ್ಟಿದ ದೃಶ್ಯದಲ್ಲಿ ನನ್ನದು ಎನ್ನುವಂಥ ಒಂದು ತಪ್ಪೂ ಇರಲಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಕ್ರೋನೋನ ಗೆಳತಿ ಲೂಕಾಳ ಮನೆಯಲ್ಲಾಯಿತು. ತಂಡದ ಯಂತ್ರಮಾನವ ರೋಬೋ 400 ವರ್ಷ ದುಡಿದು ಕಾಡು ಬೆಳೆಸಿದ ಬಳಿಕ, ಎಲ್ಲರೂ ಬೆಂಕಿಯ ಸುತ್ತ ಮಲಗಿರುವ ರಾತ್ರಿ, ಲೂಕಾ ಒಬ್ಬಳೇ ಹತ್ತು ವರ್ಷ ಹಿಂದಿನ ತನ್ನ ಮನೆಗೆ ಹೋಗುತ್ತಾಳೆ. ತಾಯಿ ಲಾರಾಳ ಲಂಗ ಯಂತ್ರಕ್ಕೆ ಸಿಕ್ಕಿಕೊಂಡಿರುತ್ತದೆ. ಅದನ್ನು ನಿಲ್ಲಿಸಲು ಪಾಸ್‌ವರ್ಡ್ ಬೇಕು. ನಾನು ಗೈಡ್ ನೋಡಿ ಎಲ್, ಎ, ಆರ್, ಎ ಗುಂಡಿಗಳನ್ನು ಒತ್ತಿ ಪುಟ ತಿರುಗಿಸಿದೆ. ಅದು ಆ ತಾಯಿಯ ಹೆಸರೇ ಎಂಬುದೂ ನನ್ನ ತಲೆಗೆ ಹೋಗಲಿಲ್ಲ!

ಅದೇ ರಜೆಯಲ್ಲಿ ಚಿಕ್ಕಪ್ಪನ ಮಗ ಗೈಡಿನ ಗೊಡವೆಯಿಲ್ಲದೆ ಆಡುತ್ತ ಅಲ್ಲಿಗೆ ಬಂದ. ಗಾಬರಿಯಲ್ಲಿ ಸಿಕ್ಕಸಿಕ್ಕ ಗುಂಡಿ ಒತ್ತಿದ; ಯಂತ್ರ ನಿಲ್ಲಲಿಲ್ಲ, ಲಾರಾಳ ಕಾಲು ಉಳಿಯಲಿಲ್ಲ. ಅಜ್ಜಿ ಊಟಕ್ಕೆ ಕರೆದರೂ ಏಳದೆ, "ಅಣ್ಣ, ಇನ್ನೊಂದ್ಸಲ ಅಲ್ಲಿಗೆ ಹೋಗಕ್ಕಾಗಲ್ವಾ?" ಎಂದು ಕೇಳಿದ. ಬೇಕೆಂದಾಗ ಯುಗದಿಂದ ಯುಗಕ್ಕೆ ಹಾರಬಹುದಾದ ಆಟದಲ್ಲಿ ಆ ಬಾಗಿಲು ಮಾತ್ರ ಮತ್ತೆ ತೆರೆಯುವುದಿಲ್ಲ. ಆಟವನ್ನು ಆಡಿದವನು ಅವನು, ನಾನು ಮುಗಿಸಿದವನು ಅಷ್ಟೆ.

ಆದ್ದರಿಂದ ಏನೂ ಕೈತಪ್ಪಬಾರದೆಂಬ ನಿಮ್ಮ ಹಟವನ್ನೇ ನಾನು ಒಪ್ಪುವುದಿಲ್ಲ. ಶತ್ರುಗಳು ಹೆಚ್ಚಾಗಿ ಕಣ್ಣಿಗೆ ಕಾಣುವಂತೆಯೇ ಓಡಾಡುತ್ತಿರುತ್ತಾರೆ, ಆಟವೂ ಸುಮಾರು 25 ಗಂಟೆಗಳಲ್ಲಿ ಮುಗಿಯುತ್ತದೆ. ದಾರಿ ತಪ್ಪುವ ಭಯ ಬೇಡ. ಮುಗಿಸಿದವರಿಗೆ ಗಳಿಸಿದ ಶಕ್ತಿಯೊಡನೆ ಮೊದಲಿನಿಂದ ಆಡುವ ಅವಕಾಶವಿದೆ, ಮುಕ್ತಾಯಗಳೂ ಹತ್ತಕ್ಕಿಂತ ಹೆಚ್ಚಿವೆ. ಗೈಡನ್ನು ಆಗ ತೆರೆಯಿರಿ. ಮುಚ್ಚಿದ ಕೆಲವು ಪೆಟ್ಟಿಗೆಗಳನ್ನು ಆಟದೊಳಗಿನ 600ನೇ ಇಸವಿಯಲ್ಲಿ ಮಾರ್ಲ್‌ಳ ಪದಕ ತಾಗಿಸಿ ಹಾಗೆಯೇ ಬಿಟ್ಟು, 1000ನೇ ಇಸವಿಯಲ್ಲಿ ತೆರೆದರೆ ಒಳಗಿನ ವಸ್ತು ಇನ್ನೂ ಬಲಿಷ್ಠವಾಗಿರುತ್ತದೆ. ಮತ್ತೆ ಹಿಂದೆ ಹೋಗಿ ಹಳೆಯದನ್ನೂ ತೆಗೆದುಕೊಳ್ಳಬಹುದು.