ಪೆಂಗ್ವಿನ್ ಮರಿಗೆ ಈಜು ಬರಲ್ವಾ?

ಪ್ರಶ್ನೆ: ಹಿಮ ಬೇಗ ಒಡೆದು ಸಾವಿರಾರು ಪೆಂಗ್ವಿನ್ ಮರಿಗಳು ಸತ್ತವು ಅಂತ ಓದಿದೆ. ಪೆಂಗ್ವಿನ್ ಈಜುತ್ತದೆ ಅಲ್ವಾ, ಮತ್ತೆ ಹೇಗೆ ಮುಳುಗುತ್ತದೆ?
ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ದೊಡ್ಡವು ಈಜುತ್ತವೆ, ಮರಿಗಳಿಗೆ ಆಗುವುದಿಲ್ಲ. ಎಂಪರರ್ ಪೆಂಗ್ವಿನ್ ಮರಿಯ ಮೈತುಂಬ ಬೂದು ಬಣ್ಣದ ಮೆತ್ತನೆ ತುಪ್ಪಳ ಇರುತ್ತದೆ, ಅದು ನೀರು ತಡೆಯುವುದಿಲ್ಲ. ಮಳೆಗೆ ನೆನೆದು ಮುದುಡಿಕೊಂಡ ಕೋಳಿಮರಿಯನ್ನು ನಿಮ್ಮೂರಲ್ಲಿ ನೋಡಿರುತ್ತೀರಿ, ಅದೇ ಪಾಡು, ಆದರೆ ಅಲ್ಲಿನ ನೀರು ಮಂಜುಗಡ್ಡೆಯಷ್ಟು ತಣ್ಣಗೆ. ನೀರು ತಡೆಯುವ ಗರಿ ಬರುವುದು ಡಿಸೆಂಬರ್ ಹೊತ್ತಿಗೆ. ಅಲ್ಲಿವರೆಗೂ ಕಾಲಡಿಯ ಹಿಮ, ಅಂದರೆ ಹೆಪ್ಪುಗಟ್ಟಿದ ಸಮುದ್ರ, ಗಟ್ಟಿಯಾಗಿ ನಿಲ್ಲಲೇಬೇಕು. 2022ರಲ್ಲಿ ಅಂಟಾರ್ಕ್ಟಿಕಾ ಪಕ್ಕದ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಅದು ಮೊದಲೇ ಒಡೆಯಿತು. ಉಪಗ್ರಹ ಚಿತ್ರ ನೋಡಿದ ವಿಜ್ಞಾನಿಗಳ ಪ್ರಕಾರ, ಅಲ್ಲಿನ ಐದು ಕಾಲೋನಿಗಳ (ಪೆಂಗ್ವಿನ್‌ಗಳು ಗುಂಪಾಗಿ ಮರಿ ಮಾಡುವ ಜಾಗಗಳ) ಪೈಕಿ ನಾಲ್ಕರಲ್ಲಿ ಆ ವರ್ಷದ ಒಂದು ಮರಿಯೂ ಉಳಿದಿರಲಾರದು. ಇಡುವುದೇ ಒಂದು ಮೊಟ್ಟೆ, ಅದನ್ನು ಅಪ್ಪ ಪೆಂಗ್ವಿನ್ ಎರಡು ತಿಂಗಳು ಏನೂ ತಿನ್ನದೆ ಪಾದದ ಮೇಲಿಟ್ಟುಕೊಂಡು ಕಾಯುತ್ತದೆ, ಅಷ್ಟೆಲ್ಲಾ ಮಾಡಿದ ಮೇಲೆ ಹೀಗಾಗುವುದು ನಿಜಕ್ಕೂ ಸಂಕಟ.

ಹಿಮ ಜಾಸ್ತಿಯಾದರೂ ಕಷ್ಟವೇ. 2017ರಲ್ಲಿ ಪೂರ್ವ ಅಂಟಾರ್ಕ್ಟಿಕಾದ ಅಡೆಲಿ ಎಂಬ ಇನ್ನೊಂದು ಜಾತಿಯ ಪೆಂಗ್ವಿನ್‌ಗಳ ಒಂದು ಕಾಲೋನಿಯಲ್ಲಿ ಸುಮಾರು 18,000 ಜೋಡಿಗಳಿದ್ದರೂ ಉಳಿದದ್ದು ಎರಡೇ ಮರಿ. ತೆರೆದ ನೀರು ದೂರವಾಗಿ, ಅಪ್ಪ ಅಮ್ಮ ಆಹಾರ ತರುವಷ್ಟರಲ್ಲಿ ಮರಿಗಳು ಹಸಿದು ಸತ್ತವು. ಎಂಪರರ್ ಸುಮಾರು 20 ವರ್ಷ ಬದುಕುವುದರಿಂದ ಒಂದು ವರ್ಷ ತಪ್ಪಿದರೆ ಸುಧಾರಿಸಿಕೊಳ್ಳಬಹುದು, ವರ್ಷ ವರ್ಷವೂ ಹೀಗೇ ಆದರೆ ಕಾಲೋನಿ ಖಾಲಿಯಾಗುತ್ತದೆ.