ಎದೆ ನೋಯಲೇ ಇಲ್ಲವಲ್ಲ!

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಿದ್ದ 58 ವರ್ಷದ ಮಹಿಳೆ. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಒಂಬತ್ತು ವರ್ಷಗಳಿಂದ ಬಿಪಿ ಇದೆ. ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದ ಇಸಿಜಿಯಲ್ಲಿ ಹಳೆಯ ಹೃದಯಾಘಾತದ ಗುರುತು ಕಂಡಿತು. ಎಕೋದಲ್ಲೂ (ಹೃದಯದ ಸ್ಕ್ಯಾನ್) ಹೃದಯದ ಗೋಡೆಯ ಒಂದು ಭಾಗ ಸರಿಯಾಗಿ ಸಂಕುಚಿಸುತ್ತಿರಲಿಲ್ಲ. ವರದಿಯನ್ನು ಅವರು ನಂಬಲು ಒಪ್ಪದ ಕಾರಣ ವೈದ್ಯರು ನನ್ನ ಬಳಿಗೆ ಕಳುಹಿಸಿದರು.

“ಎದೆ ನೋಯಲೇ ಇಲ್ಲ. ಬೇರೆ ಯಾರದೋ ಚೀಟಿ ನನಗೆ ಕೊಟ್ಟಿದ್ದಾರೆ” ಎಂದರು.

ನಾನು ವಾದಕ್ಕಿಳಿಯಲಿಲ್ಲ. ಈಚೆಗೆ ಅನ್ನದ ಪಾತ್ರೆ ಇಳಿಸಲಾಗದೆ ಕುಳಿತ ದಿನವೇನಾದರೂ ಇತ್ತೇ ಎಂದು ಕೇಳಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಗೌರಿ ಹಬ್ಬದ ಹಿಂದಿನ ದಿನ ಬೆನ್ನಿನ ಮೇಲ್ಭಾಗ ಹಿಡಿದುಕೊಂಡು, ರವಿಕೆ ತೊಯ್ಯುವಷ್ಟು ಬೆವರಿತ್ತಂತೆ. ವಾಯು ಎಂದುಕೊಂಡು ಸೋಡಾ ಕುಡಿದು, ಗೋಡೆಗೊರಗಿ ಅರ್ಧ ಗಂಟೆ ಕುಳಿತು, ಎದ್ದು ಸಾರಿಗೆ ಒಗ್ಗರಣೆ ಹಾಕಿದ್ದರು. ಆಮೇಲಿಂದ ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತು ಎಂದು ಸುಮ್ಮನಾಗಿದ್ದರು.

ಆಘಾತವಾದದ್ದು ಅದೇ ದಿನ ಎಂದು ಹೇಳಲಾಗದು. ಆದರೆ ಗೊತ್ತಾಗದೆ ಆಗಿಹೋಗುವ ‘ಮೌನ’ ಹೃದಯಾಘಾತದಲ್ಲಿ ಸುಸ್ತು, ಬೆವರು, ದವಡೆ ನೋವು ಎಷ್ಟೋ ಸಲ ಇದ್ದೇ ಇರುತ್ತವೆ, ಹೃದಯದ್ದೆಂದು ಹೊಳೆಯುವುದಿಲ್ಲ. ಅಮೆರಿಕದ ‘ಆರಿಕ್’ ಎಂಬ ಹೃದ್ರೋಗ ಅಧ್ಯಯನ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇ. 45ರಷ್ಟು ಹೃದಯಾಘಾತಗಳು ಹೀಗೆ ಗೊತ್ತಾಗದೆ ಆದವು.

ಬಿಪಿ ಮಾತ್ರೆಯ ಬಗ್ಗೆ ಕೇಳಿದಾಗ ಚೀಲದಿಂದ ಮಾಸಿದ ಮಾತ್ರೆ ಹಾಳೆಯೊಂದನ್ನು ತೆಗೆದರು. ಹತ್ತರಲ್ಲಿ ಏಳು ಹಾಗೇ ಇದ್ದವು. “ತಲೆ ಸುತ್ತಿದ ದಿನ ನುಂಗುತ್ತೇನೆ.” ಪಕ್ಕದಲ್ಲಿದ್ದ ಮಗಳು ಅತ್ತುಬಿಟ್ಟಳು. ತಪ್ಪು ಯಾರದೆಂದು ಹುಡುಕಲು ಕುಳಿತಿಲ್ಲ ಎಂದು ಇಬ್ಬರಿಗೂ ಹೇಳಿದೆ. ತಲೆ ಸುತ್ತದಿದ್ದರೂ ಬಿಪಿ ಏರಿರಬಹುದು. ಅದರೆದುರು ವರ್ಷಗಟ್ಟಲೆ ರಕ್ತ ತಳ್ಳಿದ ಹೃದಯದ ಸ್ನಾಯು ದಪ್ಪಗಾಗಿ ಹೆಚ್ಚು ರಕ್ತ ಬೇಡುತ್ತದೆ, ಅದೇ ಒತ್ತಡ ರಕ್ತನಾಳಗಳನ್ನೂ ಕೆಡಿಸಿ ಕಿರಿದಾಗಿಸುತ್ತದೆ ಎಂದು ವಿವರಿಸಿದೆ.

ಕೊಟ್ಟ ಸಲಹೆ ಇಷ್ಟು: ಬಿಪಿ ಮಾತ್ರೆ, ಹೃದ್ರೋಗ ತಜ್ಞರು ಬರೆದ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಊಟದ ತಟ್ಟೆಗೆ ಉಪ್ಪಿನಕಾಯಿ, ಹಪ್ಪಳ ಬೇಡ. ತಜ್ಞರು ಒಪ್ಪುವವರೆಗೆ ದೊಡ್ಡ ಪಾತ್ರೆ ಎತ್ತುವುದು ಬೇಡ. ಮತ್ತೆ ಅಂಥ ಬೆವರು, ಉಸಿರುಕಟ್ಟುವಿಕೆ, ಬೆನ್ನು ಅಥವಾ ದವಡೆಯ ಹಿಡಿತ ಬಂದರೆ ಸೋಡಾ ಹುಡುಕದೆ 108ಕ್ಕೆ ಕರೆ ಮಾಡಬೇಕು, ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ತೆಗೆಸಬೇಕು.

ಮುಂದಿನ ಭೇಟಿಗೆ ಖಾಲಿಯಾದ ಮಾತ್ರೆ ಹಾಳೆಗಳನ್ನು ತರಲು ಹೇಳಿದ್ದೆ. ರಬ್ಬರ್ ಬ್ಯಾಂಡ್ ಸುತ್ತಿ ತಂದಿದ್ದರು. ಬಿಪಿ 134/82 ಇತ್ತು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೃದ್ರೋಗ ತಜ್ಞರ ಒಪ್ಪಿಗೆ ಇನ್ನೂ ಬರಬೇಕಿದೆ.