ಕ್ಲಬ್ ತುಂಬುತ್ತದೆ, ಆದರೆ ದುಡ್ಡು ಉಳಿಯುವುದಿಲ್ಲ. ದೊಡ್ಡ ಡಿಜೆ ಕರೆಸಿದರೆ ಲಾಭ ಆಗುತ್ತಾ?

ಆಗುವುದಿಲ್ಲ. ನೀವೇ ಬರೆದಿದ್ದೀರಿ: ಕ್ಲಬ್ ಹಾಲ್ ತೆಗೆದುಕೊಂಡು, ಡಿಜೆ ಇಟ್ಟು, ಟಿಕೆಟ್ ಮಾರಿ ಎರಡು ನೈಟ್ ಮಾಡಿದಿರಿ, ಎರಡೂ ತುಂಬಿದವು, ಲೆಕ್ಕ ಹಾಕಿದರೆ ಅಸಲೂ ಹುಟ್ಟಿಲ್ಲ. ಈಗ ಉಳಿತಾಯದ ದುಡ್ಡು ಹಾಕಿ ಹೆಸರಿರುವ ಡಿಜೆ ಒಬ್ಬರನ್ನು ಕರೆಸಬೇಕು, ಆಮೇಲೆ ಕೆಲಸ ಬಿಟ್ಟು ಇದನ್ನೇ ಮಾಡಬೇಕು ಅಂತ ಯೋಚನೆ. ಹಾಲ್ ಈಗಾಗಲೇ ತುಂಬುತ್ತಿದೆಯಲ್ಲ, ಆ ಡಿಜೆ ಹೊಸದಾಗಿ ತರುವ ಜನ ಎಲ್ಲಿ ನಿಲ್ಲಬೇಕು? ದೊಡ್ಡ ಡಿಜೆ ಬೇಕಾ ಅನ್ನುವುದು ಸೀಟು ಖಾಲಿ ಇದ್ದವರು ಕೇಳಬೇಕಾದ ಪ್ರಶ್ನೆ. ನಿಮ್ಮ ತೊಂದರೆ ಜನರದ್ದಲ್ಲ, ಕ್ಲಬ್ ಜೊತೆಗಿನ ಕರಾರಿನದ್ದು.

ನನಗೆ ಇದು ಹೇಗೆ ಗೊತ್ತು ಅಂದರೆ, ನಾನೂ ಹೀಗೇ ಶುರು ಮಾಡಿದ್ದೆ. ಸಣ್ಣದೊಂದು ನೆಲಮಾಳಿಗೆ, 120 ಜನ ಹಿಡಿಸುವ ಜಾಗ. ಡಿಜೆಗಳು ನಮ್ಮವರೇ. ಬಾಡಿಗೆ ಕೊಡುತ್ತಿದ್ದೆವು, ಬಾಗಿಲಲ್ಲಿ ಬಂದ ದುಡ್ಡು ನಮ್ಮದು. ಸಂಗೀತ ಡೀಪ್ ಹೌಸ್, ಸ್ವಲ್ಪ ಡಿಸ್ಕೋ. ತಿಂಗಳಿಗೊಮ್ಮೆ ಮಾಡುತ್ತಿದ್ದೆವು, ಪ್ರತಿ ಸಲ ಚೂರುಪಾರು ಉಳಿಯುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ದೊಡ್ಡ ಕ್ಲಬ್ ಒಂದರಿಂದ ಕರೆ ಬಂತು. ಅವರಿಗೆ ಗುರುವಾರ ವ್ಯಾಪಾರ ಇರಲಿಲ್ಲ. "ಬಾಡಿಗೆ ಬೇಡ, ಟಿಕೆಟ್ ದುಡ್ಡೆಲ್ಲ ನಿಮ್ಮದೇ, ಬಾರ್ ಮಾತ್ರ ನಮ್ಮದು" ಅಂದರು. ಬಾಡಿಗೆ ಇಲ್ಲ ಅಂದ ತಕ್ಷಣ ನನ್ನ ತಲೆ ಕೆಲಸ ಮಾಡುವುದನ್ನು ನಿಲ್ಲಿಸಿತು. ಕರಾರಿನ ಎರಡನೇ ಪುಟದಲ್ಲಿ ಒಂದು ಸಾಲು ಇತ್ತು. ಬಾರ್‌ನಲ್ಲಿ ಇಷ್ಟು ಕನಿಷ್ಠ ವ್ಯಾಪಾರ ಆಗಬೇಕು, ಕಡಿಮೆ ಬಿದ್ದರೆ ಪ್ರಮೋಟರ್, ಅಂದರೆ ನೈಟ್ ಮಾಡುವ ನಾನು, ತುಂಬಿಕೊಡಬೇಕು. "ಅದೇನಿಲ್ಲ, ಸುಮ್ನೆ ಫಾರ್ಮಾಲಿಟಿ" ಅಂದರು ಮ್ಯಾನೇಜರ್. ಸಹಿ ಹಾಕಿದೆ.

ಈ ಒಂದು ಸಾಲನ್ನು ನಾನು ಉದ್ದಕ್ಕೆ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ನಿಮ್ಮ ಎರಡು ನೈಟ್‌ಗಳ ದುಡ್ಡೂ ಇಂಥದ್ದೇ ಸಾಲಿನೊಳಗೆ ಹೋಗಿರುತ್ತದೆ ಅಂತ ನನ್ನ ಅನುಮಾನ. ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂಕಿಗಳನ್ನು ಚಿಕ್ಕದು ಮಾಡಿದ್ದೇನೆ, ಅನುಪಾತ ಮಾತ್ರ ಅದೇ.

ಹಾಲ್ 400 ಜನರದ್ದು. ಟಿಕೆಟ್ 10. ಬಾರ್‌ನಲ್ಲಿ ಒಂದು ಗ್ಲಾಸ್ 8. ಬಾರ್ ಗ್ಯಾರಂಟಿ, ಅಂದರೆ ಆ ಕನಿಷ್ಠ ವ್ಯಾಪಾರ, 6000. ನಾನು ಹಾಕಿದ ಲೆಕ್ಕ ಹೀಗಿತ್ತು: 400 ಜನ, ತಲೆಗೆ ಎರಡು ಗ್ಲಾಸ್, ಒಟ್ಟು 6400. ಗ್ಯಾರಂಟಿ ದಾಟಿತು, ಮುಗಿಯಿತು, ಇನ್ನೇನು ಯೋಚನೆ? ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಮೊದಲನೆಯದು, ಆ 6000 ತೆರಿಗೆ ಕಳೆದ ಮೇಲಿನ ಮೊತ್ತ. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿತ್ತು. 20 ಪರ್ಸೆಂಟ್ ತೆರಿಗೆ ಅಂತಿಟ್ಟುಕೊಳ್ಳಿ, 6000 ಆಗಬೇಕಾದರೆ ಗಲ್ಲಾಪೆಟ್ಟಿಗೆಗೆ 7200 ಬೀಳಬೇಕು. ಅಂದರೆ 900 ಗ್ಲಾಸ್. ನಾನು ಅಂದುಕೊಂಡಿದ್ದು 800. ಅಲ್ಲಿಗೆ, ನನ್ನ ಅಂದಾಜು ಪೂರ್ತಿ ನಿಜವಾಗಿದ್ದರೂ ಸೋಲು ಗ್ಯಾರಂಟಿ.

ಎರಡನೆಯದು ಇನ್ನೂ ಚೆಂದ. ಗುರುವಾರ ಅಲ್ವಾ, ಬಾರ್‌ನಲ್ಲಿ ಮೂರೇ ಜನ ಹಾಕಿದ್ದರು. ಒಬ್ಬರು ನಿಮಿಷಕ್ಕೊಂದು ಗ್ಲಾಸ್ ಕೊಟ್ಟರೂ ಮೂವರಿಂದ ಗಂಟೆಗೆ 180. 900 ಗ್ಲಾಸ್ ಹೋಗಲು ಐದು ಗಂಟೆ ಬೇಕು. ಬಾಗಿಲು ತೆರೆದಿದ್ದು ರಾತ್ರಿ 10ಕ್ಕೆ, ಬಾರ್ ಮುಚ್ಚಿದ್ದು ಎರಡೂವರೆಗೆ. ನಾಲ್ಕೂವರೆ ಗಂಟೆ. ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಬಾರ್ ಮುಂದೆ ಸಾಲು ನಿಂತಿದ್ದರೂ ಆ ಗ್ಯಾರಂಟಿ ಮುಟ್ಟಲು ಆಗುತ್ತಿರಲಿಲ್ಲ. ಯಾರೂ ಮುಟ್ಟಲಾಗದ ಗುರಿಗೆ ನಾನು ಜಾಮೀನು ನಿಂತಿದ್ದೆ!

ಮೂರನೆಯದಕ್ಕೆ ನಾನೇ ಕಾರಣ. ಹೆಸರಿರುವ ಡಿಜೆಯನ್ನು 1 ಗಂಟೆಗೆ ಇಟ್ಟಿದ್ದೆ, ಪೋಸ್ಟರ್‌ನಲ್ಲಿ ಸಮಯವನ್ನೂ ಹಾಕಿದ್ದೆ. ಜನ ಬುದ್ಧಿವಂತರು, ಹೆಚ್ಚಿನವರು 12ಕ್ಕೆ ಬಂದರು. ಬರುವಾಗಲೇ ಕುಡಿದು ಬಂದಿದ್ದರು. ಮೊದಲ ಎರಡು ಗಂಟೆ ಬಾರ್‌ನವರು ಹೆಚ್ಚು ಹೊತ್ತು ಗ್ಲಾಸ್ ಒರೆಸುತ್ತಾ ನಿಂತಿದ್ದರು. ಆಮೇಲೆ ಒಂದೇ ಸಲ ನೂಕುನುಗ್ಗಲು. ಸಾಲು ನೋಡಿ ಅರ್ಧ ಜನ ಕುಣಿಯಲು ಹೋದರು. ಕುಣಿಯುವವರಿಗೆ ಬೇಕಾಗಿದ್ದು ನೀರು. ಅವತ್ತು ಹೋದದ್ದು 585 ಗ್ಲಾಸ್. ತೆರಿಗೆ ಕಳೆದು 3900. ಕಡಿಮೆ ಬಿದ್ದದ್ದು 2100.

ಇನ್ನು ಟಿಕೆಟ್. 400 ಜನ ಅಂದರೆ 4000 ಅಲ್ಲ. ದುಡ್ಡು ಕೊಡದೆ ಒಳಗೆ ಬರುವ ಗೆಸ್ಟ್ ಲಿಸ್ಟ್‌ನಲ್ಲೇ 60 ಜನ. (ಗೆಸ್ಟ್ ಲಿಸ್ಟ್ ಕೇಳುವವರು ಯಾವತ್ತೂ ಒಬ್ಬರೇ ಬರುವುದಿಲ್ಲ, ಜೊತೆಗೆ ಇನ್ನೊಬ್ಬರು ಇದ್ದೇ ಇರುತ್ತಾರೆ.) 150 ಟಿಕೆಟ್ ಅರ್ಲಿ ಬರ್ಡ್ ಅಂತ, ಮೊದಲೇ ಕೊಂಡವರಿಗೆ 6ಕ್ಕೆ ಕೊಟ್ಟಿದ್ದೆ. ಉಳಿದ 190 ಪೂರ್ತಿ ಬೆಲೆಗೆ. ಒಟ್ಟು 2800. ಡಿಜೆ, ವಿಮಾನ, ಹೋಟೆಲ್, ಜಾಹೀರಾತು, ಬಾಗಿಲಲ್ಲಿ ನಿಂತವರು, ನಮ್ಮ ಹುಡುಗರು, ಎಲ್ಲ ಸೇರಿ ಖರ್ಚು 2300. ಬಾರ್ ಸಾಲು ಇಲ್ಲದಿದ್ದರೆ 500 ಉಳಿಯುತ್ತಿತ್ತು. ಅದು ಇದ್ದದ್ದರಿಂದ 1600 ಕೈಯಿಂದ ಹೋಯಿತು. ಹಾಲ್ ತುಂಬಿ ತುಳುಕುತ್ತಿತ್ತು, ಜನ ಬಂದು ತಬ್ಬಿಕೊಂಡು ಹೋದರು, ಫೋಟೋಗಳು ಅದ್ಭುತವಾಗಿ ಬಂದವು. ನನ್ನ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಇದು ನನ್ನೊಬ್ಬರ ಪೆದ್ದುತನ ಅಂತ ಅಂದುಕೊಳ್ಳಬೇಡಿ. ಮ್ಯಾಂಚೆಸ್ಟರ್‌ನಲ್ಲಿ ಹಾಸಿಯೆಂಡಾ ಅಂತ ಕ್ಲಬ್ ಇತ್ತು. 1982ರಲ್ಲಿ ಶುರುವಾಯಿತು, ಫ್ಯಾಕ್ಟರಿ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಮತ್ತು ನ್ಯೂ ಆರ್ಡರ್ ಬ್ಯಾಂಡ್‌ನ ದುಡ್ಡಲ್ಲಿ. 1980ರ ದಶಕದ ಕೊನೆಗೆ ಆಸಿಡ್ ಹೌಸ್ ಸಂಗೀತ ಬಂದಾಗ ಇಡೀ ದೇಶದಲ್ಲಿ ಅದರದ್ದೇ ಮಾತು, ಬಾಗಿಲಲ್ಲಿ ಉದ್ದ ಸಾಲು. ಒಳಗೆ ಜನ ಎಕ್ಸ್‌ಟಸಿ ಅನ್ನುವ ಮಾದಕ ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದರು. ಮಾತ್ರೆಯ ದುಡ್ಡು ಮಾರುವವರ ಜೇಬಿಗೆ ಹೋಯಿತು, ಬಾರ್‌ಗೆ ಬರಲಿಲ್ಲ. ಬ್ಯಾಂಡ್ ರೆಕಾರ್ಡ್ ಮಾರಿ ದುಡಿದದ್ದು ಕ್ಲಬ್‌ಗೆ ಸುರಿಯುತ್ತಾ ಹೋಯಿತು. 1997ರಲ್ಲಿ ಬಾಗಿಲು ಮುಚ್ಚಿತು. ಅವರಿಗೆ ಬಾರ್ ಸ್ವಂತದ್ದು, ಆದರೂ ಈ ಗತಿ. ನಿಮಗೂ ನನಗೂ ಬಾರ್ ಕೂಡ ಸ್ವಂತದ್ದಲ್ಲ.

ಇದಕ್ಕೆ ಉಲ್ಟಾ, ನ್ಯೂಯಾರ್ಕ್‌ನಲ್ಲಿ ಡೇವಿಡ್ ಮಂಕೂಸೋ 1970ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಲಾಫ್ಟ್ ಪಾರ್ಟಿಗಳಲ್ಲಿ ಮದ್ಯ ಮಾರುತ್ತಲೇ ಇರಲಿಲ್ಲ. ಡಿಜೆ ಲ್ಯಾರಿ ಲೆವಾನ್ ನುಡಿಸುತ್ತಿದ್ದ, ಅದೇ ಊರಿನ ಕ್ಲಬ್ ಪ್ಯಾರಡೈಸ್ ಗ್ಯಾರೇಜ್‌ನಲ್ಲೂ ಮದ್ಯ ಇರಲಿಲ್ಲ. ಅದು 1977ರಿಂದ 1987ರವರೆಗೆ ನಡೆಯಿತು. ಕುಣಿಯಲು ಬಂದವರು ಬಾಗಿಲಲ್ಲೇ ದುಡ್ಡು ಕೊಟ್ಟು ಒಳಗೆ ಹೋಗುತ್ತಿದ್ದರು. ಬೆಳಗಿನವರೆಗೆ ಕುಣಿಯುವ ಜನರನ್ನು ಕರೆತರುವುದು ನಿಮ್ಮ ಗುರಿಯಾಗಿದ್ದರೆ, ಅವರು ಎಷ್ಟು ಕುಡಿಯುತ್ತಾರೆ ಅನ್ನುವುದರ ಮೇಲೆ ಬಾಜಿ ಕಟ್ಟಬೇಡಿ. ಟೇಬಲ್ ಬುಕ್ ಮಾಡಿ ಬಾಟಲಿ ತರಿಸುವ ಜನ ಬೇರೆ, ನಿಮ್ಮ ಜನ ಬೇರೆ.

ಹಾಗಾದರೆ ಏನು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಸರಳ: ಬಾಡಿಗೆ ಕೊಟ್ಟುಬಿಡಿ. ಬಾಡಿಗೆ ಅಂದರೆ ಹೋಗುವುದು ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಉಚಿತ ಹಾಲ್ ಅನ್ನುವುದು ಇಲ್ಲ, ಬಿಲ್ ಬೆಳಗಿನ ಜಾವ ಬರುತ್ತದೆ ಅಷ್ಟೇ. ಕ್ಲಬ್‌ನವರು ಬಾರ್ ಗ್ಯಾರಂಟಿ ಬೇಕೇ ಬೇಕು ಅಂದರೆ ಒಟ್ಟು ಮೊತ್ತಕ್ಕೆ ಒಪ್ಪಬೇಡಿ, ಬಾಗಿಲಲ್ಲಿ ಕ್ಲಿಕ್ಕರ್ (ಜನರನ್ನು ಎಣಿಸುವ ಸಾಧನ) ಎಣಿಸಿದ ತಲೆಗೆ ಇಷ್ಟು ಅಂತ ಬರೆಸಿ. ತೆರಿಗೆ ಸೇರಿಯೋ ಕಳೆದೋ, ಅದನ್ನೂ ಬರೆಸಿ. ಆ ರಾತ್ರಿ ಬಾರ್‌ನಲ್ಲಿ ಎಷ್ಟು ಜನ ಇರುತ್ತಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗಿನ ವ್ಯಾಪಾರ ಲೆಕ್ಕಕ್ಕೆ ಬರುತ್ತದೆ, ಡಿಜೆಗಳಿಗೆ ಕೊಟ್ಟ ಗ್ಲಾಸ್ ಯಾರ ಖಾತೆಗೆ, ಎಲ್ಲವನ್ನೂ. ಕಡಿಮೆ ಬಿದ್ದರೆ ನಾನು ಕೊಡುವುದು ಮಾಮೂಲಿ ಬಾಡಿಗೆಗಿಂತ ಜಾಸ್ತಿ ಆಗಬಾರದು ಅಂತ ಒಂದು ಮಿತಿ ಹಾಕಿಸಿ. ಗ್ಯಾರಂಟಿ ದಾಟಿದರೆ ಮೇಲಿನ ವ್ಯಾಪಾರದಲ್ಲಿ ನನಗೂ ಪಾಲು ಅಂತ ಕೇಳಿ. ಸೋತರೆ ನನ್ನದು, ಗೆದ್ದರೆ ನಿಮ್ಮದು ಅನ್ನುವ ಕರಾರಿಗೆ ಯಾಕೆ ಸಹಿ ಹಾಕಬೇಕು? ಇದನ್ನೆಲ್ಲ ಕೇಳಿದರೆ ಕ್ಲಬ್‌ನವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಖಾಲಿ ಗುರುವಾರ ಇರುವುದು ಅವರ ಹತ್ತಿರ.

ಸಂಗೀತ ನುಡಿಸುವ ಲೈಸೆನ್ಸ್ ಯಾರ ಹೆಸರಲ್ಲಿದೆ ಅನ್ನುವುದನ್ನೂ ಆಗಲೇ ಕೇಳಿಬಿಡಿ.

ಈಗ ನಿಮ್ಮ ದೊಡ್ಡ ಡಿಜೆ ವಿಚಾರ. ಏಜೆಂಟ್ ಹೇಳುವ ಫೀಸು ಬರೀ ಫೀಸು. ಅದರ ಪಕ್ಕ ಮೂರು ಪ್ಲಸ್ ಗುರುತು ಇರುತ್ತವೆ ನೋಡಿ, ಅವುಗಳ ಅರ್ಥ ವಿಮಾನ, ಹೋಟೆಲ್, ಓಡಾಟ ಎಲ್ಲ ನಿಮ್ಮದು ಅಂತ. ಮೇಲೆ ಏಜೆನ್ಸಿಯ ಬುಕಿಂಗ್ ಫೀಸು ಬೇರೆ ಇರುತ್ತದೆ. ರೈಡರ್‌ನಲ್ಲಿ (ಡಿಜೆಯ ಬೇಡಿಕೆಗಳ ಪಟ್ಟಿ) ಇಂಥದ್ದೇ ಪ್ಲೇಯರ್, ಇಂಥದ್ದೇ ಮಿಕ್ಸರ್ ಅಂತ ಬರೆದಿರುತ್ತಾರೆ, ಕ್ಲಬ್‌ನಲ್ಲಿ ಇಲ್ಲದಿದ್ದರೆ ಬಾಡಿಗೆಗೆ ತರುವವರು ನೀವು. ಸಾಮಾನ್ಯವಾಗಿ ಅರ್ಧ ದುಡ್ಡು ಸಹಿ ಹಾಕುವಾಗ, ಉಳಿದರ್ಧ ಡಿಜೆ ವೇದಿಕೆ ಹತ್ತುವ ಮೊದಲು ಕೊಡಬೇಕು. ಟಿಕೆಟ್ ಮಾರುವ ಸೈಟ್‌ಗಳಲ್ಲಿ ಎಷ್ಟೋ ನಿಮ್ಮ ದುಡ್ಡು ಕೊಡುವುದು ಕಾರ್ಯಕ್ರಮ ಮುಗಿದ ಮೇಲೆ. ಮಧ್ಯದ ವಾರಗಳಲ್ಲಿ ಆ ಗುಂಡಿ ತುಂಬುವುದು ನಿಮ್ಮ ಉಳಿತಾಯ. ಬಂದ ಜನ ಡಿಜೆ ನೋಡಲು ಬಂದವರು, ಡಿಜೆ ಜೊತೆಗೇ ವಾಪಸ್ ಹೋಗುತ್ತಾರೆ. ಮುಂದಿನ ತಿಂಗಳು ನಿಮ್ಮ ನೈಟ್‌ಗೆ ಅವರು ಬರುವುದಿಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇತಿಹಾಸ ತೆಗೆದು ನೋಡಿ. ಶಿಕಾಗೋದ ಕ್ಲಬ್ ವೇರ್‌ಹೌಸ್‌ಗೆ 1977ರಿಂದ ಜನ ಬರುತ್ತಿದ್ದದ್ದು ಅಲ್ಲೇ ಕಾಯಂ ಇದ್ದ ಡಿಜೆ ಫ್ರ್ಯಾಂಕೀ ನಕಲ್ಸ್‌ಗಾಗಿ. 1987ರಲ್ಲಿ ಡ್ಯಾನಿ ರ‍್ಯಾಂಪ್ಲಿಂಗ್ ಶೂಮ್ ಅನ್ನುವ ನೈಟ್ ಶುರು ಮಾಡಿದ್ದು ದಕ್ಷಿಣ ಲಂಡನ್‌ನ ಒಂದು ಜಿಮ್‌ನಲ್ಲಿ, ಡಿಜೆಯೂ ಅವರೇ. ಆ ಪುಟ್ಟ ಜಾಗದಿಂದ ಒಂದು ದೇಶದ ರಾತ್ರಿಗಳೇ ಬದಲಾದವು. ನಿಮ್ಮ ಹತ್ತಿರ ತುಂಬುವ ಹಾಲ್ ಇದೆ, ನಿಮ್ಮ ಹೆಸರು ನೋಡಿ ಬರುವ ಜನ ಇದ್ದಾರೆ. ಅದಕ್ಕಿಂತ ಬೆಲೆಬಾಳುವುದು ಏಜೆಂಟ್ ಪಟ್ಟಿಯಲ್ಲಿ ಏನೂ ಇಲ್ಲ. ನಿಮ್ಮ ಕಾಯಂ ಡಿಜೆಗಳಿಗೆ ಸ್ವಲ್ಪ ಜಾಸ್ತಿ ಕೊಡಿ. ಪ್ರತಿ ಸಲ ತುಂಬುತ್ತಿದೆ ಅಂದರೆ ಟಿಕೆಟ್ ಅಗ್ಗವಾಯಿತು, ಬೆಲೆ ಏರಿಸಿ. ಅರ್ಲಿ ಬರ್ಡ್ ಬೇಕಿದ್ದರೆ 30 ಟಿಕೆಟ್‌ಗೆ ನಿಲ್ಲಿಸಿ. ಬೇಗ ಬರುವವರಿಗೆ ಬೆಲೆ ಇಳಿಸುವುದು ಬೇರೆ ವಿಷಯ, 11ರೊಳಗೆ ಬಾಗಿಲಿಗೆ ಬಂದವರಿಗೆ ಕಡಿಮೆ ಮಾಡಿ. ಬಾರ್ ಖಾಲಿ ಇರುವ ಹೊತ್ತಿಗೆ ಜನ ಬರುತ್ತಾರೆ, ಕ್ಲಬ್‌ನವರೂ ಖುಷಿಯಾಗುತ್ತಾರೆ. ಒಳ್ಳೆಯ ಡಿಜೆಯ ಸಮಯವನ್ನು ಪೋಸ್ಟರ್‌ನಲ್ಲಿ ಹಾಕಲೇಬೇಡಿ.

ಕೆಲಸ ಬಿಡುವ ಮಾತು ಬೇಡ. ತಿಂಗಳಿಗೆ ಒಂದು ನೈಟ್‌ನಿಂದ ಮನೆ ನಡೆಸುವ ಪ್ರಮೋಟರ್‌ರನ್ನು ನಾನು ನೋಡಿಲ್ಲ. ಇದರಲ್ಲೇ ಬದುಕುವವರಿಗೆ ಇನ್ನೊಂದು ಆದಾಯ ಇದ್ದೇ ಇರುತ್ತದೆ: ಸ್ವಂತ ಜಾಗ, ಬಾರ್‌ನಲ್ಲಿ ಪಾಲು, ಬುಕಿಂಗ್ ಏಜೆನ್ಸಿ, ಸೌಂಡ್ ಬಾಡಿಗೆ, ಇಲ್ಲವೇ ಬೇರೆಯವರ ಸಂಗೀತ ಹಬ್ಬಗಳಿಗೆ ಕಾರ್ಯಕ್ರಮ ಜೋಡಿಸಿಕೊಡುವ ಕೆಲಸ. ನಾನು ಈಗಲೂ ನೈಟ್ ಮಾಡುತ್ತೇನೆ, 150 ಜನರ ಹಾಲ್, ಬಾಡಿಗೆ ಕೊಟ್ಟು. ಲಾಭ ಸಣ್ಣದು, ಆದರೆ ಬೆಳಿಗ್ಗೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಸಂಬಳ ಬೇರೆ ಕಡೆಯಿಂದ ಬರುತ್ತದೆ. ಇದನ್ನು ಸೋಲು ಅನ್ನುವವರು ಅನ್ನಲಿ.

ಆ ಡಿಜೆಯ ಏಜೆಂಟ್‌ಗೆ ಇನ್ನೂ ಮುಂಗಡ ಕೊಟ್ಟಿಲ್ಲ ಅಂದರೆ ಕೊಡಬೇಡಿ. ಮೊದಲು ಹಿಂದಿನ ಎರಡು ನೈಟ್‌ಗಳ ಸೆಟಲ್‌ಮೆಂಟ್ ಹಾಳೆ (ಕ್ಲಬ್ ಜೊತೆ ಲೆಕ್ಕ ಚುಕ್ತಾ ಮಾಡಿದ್ದು) ತೆಗೆದು ಬಾರ್ ಲೆಕ್ಕ ಎಲ್ಲಿದೆ ನೋಡಿ. ಕರಾರಿನ ಆ ಸಾಲನ್ನು ಕ್ಲಬ್ ಹೆಸರು ಅಳಿಸಿ ಕೆಳಗೆ ಹಾಕಿದರೆ, ಎಲ್ಲಿ ಸೋರುತ್ತಿದೆ ಅಂತ ನೋಡಿ ಹೇಳುತ್ತೇನೆ.